ಸಾಬೂನಿನ ಗೋಪುರ ಬಿದ್ದ ಮಂಗಳವಾರ

ನಾಬ್ಲುಸ್
ಗುರುವಾರ, ಏಪ್ರಿಲ್ 17

ಕುವೈತ್ ಮಹಾನಗರದ ಲಿಫ್ಟ್ ಕೆಟ್ಟ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ವಿರಾಜಮಾನರಾದ, ಹದಿನೆಂಟು ಚಕ್ರಗಳ ಲಾರಿಯ ಚಕ್ರವರ್ತಿ, ಗೊರಕೆಯಲ್ಲಿ ಅಜೇಯರಾದ ನನ್ನ ಪ್ರೀತಿಯ ಬಾಬಾ ಅವರ ದಿವ್ಯ ಸನ್ನಿಧಾನಕ್ಕೆ, ಹಿರಿಯ ಮಗಳು ನಿಬಾಲ್ ಸಲ್ಲಿಸುವ ಸಾವಿರ ಸಲಾಮುಗಳು.

ಬೆನ್ನುನೋವು ಹೇಗಿದೆ? ಅಮ್ಮ ಕಳಿಸಿದ ಆಲಿವ್ ಎಣ್ಣೆಯನ್ನು ಬೆನ್ನಿಗೆ ಹಚ್ಚುತ್ತಿದ್ದೀರೋ, ರೊಟ್ಟಿ ಅದ್ದಿ ತಿಂದು ಮುಗಿಸಿದಿರೋ? ನಿಜ ಹೇಳಿ, ಅಮ್ಮನಿಗೆ ತಿಳಿಸುವುದಿಲ್ಲ. (ತಿಳಿಸುತ್ತೇನೆ.) ನಾವೆಲ್ಲ ಕ್ಷೇಮ. ನಾನು ಮಾತ್ರ ಊರಿಗೇ ಪ್ರಸಿದ್ಧಳಾಗಿದ್ದೇನೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಮ್ಮ ಶಾಲೆಯೂ ವರ್ತಕರ ಸಂಘವೂ ಸೇರಿ ಈ ವರ್ಷ ಹನ್ನೊಂದನೇ ತರಗತಿಯ ಒಬ್ಬೊಬ್ಬರನ್ನು ಊರಿನ ಒಬ್ಬೊಬ್ಬ ಕಸುಬುದಾರರಿಗೆ ಒಪ್ಪಿಸಿವೆ. ಪ್ರತಿ ಮಂಗಳವಾರ ಮಧ್ಯಾಹ್ನ ಅವರ ಜೊತೆಗಿದ್ದು ಕೆಲಸವನ್ನೂ ಬದುಕನ್ನೂ ಕಲಿಯಬೇಕಂತೆ. ನನ್ನ ಪಾಲಿಗೆ ಬಂದವರು ಸಾಬೂನು ಕಾರ್ಖಾನೆಯ ಮೇಸ್ತ್ರಿ ಅಬೂ ಸುಹೈಲ್. ಮೊದಲ ದಿನವೇ ಅವರು, "ಸಾಬೂನಿಗೆ ಕಾಗದ ಸುತ್ತೋ ಕೋಣೆ ಆ ಕಡೆ ಇದೆ ಮಗಳೇ," ಎಂದು ಬೆರಳು ತೋರಿಸಿದರು. "ಸುತ್ತೋದು ನಂಗೆ ಹುಟ್ಟಿನಿಂದ್ಲೇ ಬರತ್ತೆ ಹಾಜೀ, ಗೋಪುರ ಕಟ್ಟೋದು ಕಲಿಸಿ," ಎಂದೆ. ನಿಮಗೆ ಗೊತ್ತಲ್ಲ, ಮುದ್ರೆ ಒತ್ತಿದ ಸಾಬೂನುಗಳನ್ನು ಗಾಳಿಯಾಡಿ ಒಣಗಲು ಸಂದಿ ಬಿಟ್ಟು, ನಡುವೆ ಪೊಳ್ಳಾಗಿ, ಆಳೆತ್ತರ ಮೀರಿ ಸುತ್ತಲೂ ಪೇರಿಸುತ್ತಾರೆ. ಐದು ವಾರ ಬರೀ ಸಾಬೂನು ಎತ್ತಿಕೊಟ್ಟೆ. ಆರನೇ ವಾರ ಅವರು ಏಣಿ ತೋರಿಸಿ, "ಹತ್ತು, ಬಾಯಿ ಮಾತ್ರ ಕೆಳಗೇ ಇಟ್ಟು ಹತ್ತು," ಎಂದರು. ಕೊನೆಯ ಎರಡು ಸುತ್ತು ನನ್ನ ಕೈಯದೇ ಬಾಬಾ!

ಇಳಿದೆ. ಎಲ್ಲರೂ ಚಹಾ ಕುಡಿಯಲು ಹೋದರು. ಅಷ್ಟರಲ್ಲಿ ಗೋಪುರ ಧಡಾರನೆ ಬಿತ್ತು. ಹಳೇ ಕೆಲಸಗಾರ ಮರ್ವಾನ್ ಓಡಿಬಂದು ತಲೆ ಚಚ್ಚಿಕೊಂಡ: "ನಾನ್ ಹೇಳ್ಲಿಲ್ವಾ? ಹುಡ್ಗಿ ಏಣಿ ಹತ್ತಿದ್ರೆ ಇನ್ನೇನಾಗತ್ತೆ!"

ಮರುದಿನ ಮುಖ್ಯೋಪಾಧ್ಯಾಯಿನಿ ಸಿತ್ ಖೌಲಾ ವರ್ತಕರ ಎದುರಿಗೇ ಒಂದು ಕಾಗದ ಚಾಚಿದರು. ಅದರಲ್ಲಿ ಬರೆದದ್ದು: "ಹೆಣ್ಣುಮಗಳಾದ ನಾನು ಏಣಿ ಹತ್ತಿದ್ದರಿಂದ ಗೋಪುರ ಬಿತ್ತು, ಕ್ಷಮೆಯಿರಲಿ." ಸಹಿ ಹಾಕಿದರೆ ಕಾಗದ ಸುತ್ತುವ ಕೋಣೆ, ನನ್ನ ನಂತರ ಬರುವ ಹುಡುಗಿಯರಿಗೂ ಅದೇ ಕೋಣೆ. ಹಾಕದಿದ್ದರೆ ಮನೆ. ನಾನು ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟೆ. "ಹೆಣ್ಣು ಮುಟ್ಟಿದ್ರೆ ಸಾಬೂನಿಗೆ ಆಗಲ್ಲ ಅನ್ನೋದಾದ್ರೆ, ಊರಿನ ಸ್ನಾನದ ಮನೆಗಳಿಂದ ಅದು ಎಂದೋ ಓಡಿಹೋಗ್ಬೇಕಿತ್ತಲ್ಲ ಸಿತ್," ಎಂದೆ. ಒಬ್ಬ ವರ್ತಕರಿಗೆ ಕೆಮ್ಮು ಬಂತು. ಸಿತ್ ಖೌಲಾ ಅವರ ಮುಖ ಕೆಂಪೇರಿತು. ಮೂಲೆಯಲ್ಲಿ ಕೂತಿದ್ದ ಅಬೂ ಸುಹೈಲ್ ಎದ್ದು, "ಕಾಗದ ಇರ್ಲಿ. ಒಬ್ಳೇ ಮತ್ತೆ ಕಟ್ಲಿ. ನಿಂತ್ರೆ ಅದನ್ನ ಹರೀರಿ, ಬಿದ್ರೆ ನಾನೇ ಇವಳ ಹೆಬ್ಬೆಟ್ಟು ಒತ್ತಿಸ್ತೀನಿ," ಎಂದರು.

ಮೂರು ಮಂಗಳವಾರ ಹಿಡಿಯಿತು. ಉಗುರಿನ ಸಂದಿಯಲ್ಲೆಲ್ಲ ಸಾಬೂನು. ಅಮ್ಮ ಕೊಟ್ಟ ಕುನಾಫೆ ಸಿಹಿಗೂ ಅದೇ ರುಚಿ. ಕೊನೆಯ ದಿನ ಮರ್ವಾನ್ ಏಣಿಯ ಬುಡ ಹಿಡಿದು ನಿಂತು, "ಎಡಗಡೆ ಸಂದಿ ಜಾಸ್ತಿ ಆಯ್ತು ನೋಡೇ," ಎಂದು ಗೊಣಗಿದ. ಅವನ ಬಾಯಲ್ಲಿ ಅದು ಹೊಗಳಿಕೆ. ಗೋಪುರ ಇವತ್ತಿಗೂ ನಿಂತಿದೆ. ಸಿತ್ ಖೌಲಾ ಕಾಗದವನ್ನು ನಾಲ್ಕು ಚೂರು ಮಾಡಿದರು, ಪಾಪ, ಬಹಳ ನಿಧಾನವಾಗಿ. ಮುಂದಿನ ವರ್ಷ ಇನ್ನಿಬ್ಬರು ಹುಡುಗಿಯರು ಏಣಿ ಹತ್ತಲು ಹೆಸರು ಕೊಟ್ಟಿದ್ದಾರೆ. ತಡೆಯುವವರು ಬರಲಿ, ನೋಡಿಯೇ ಬಿಡೋಣ.

ಅಮ್ಮನ ಸಲಾಮು, ತಂಗಿಯರ ಮುತ್ತು. ದೇವರು ನಿಮ್ಮ ಬೆನ್ನನ್ನೂ ಬ್ರೇಕನ್ನೂ ಕಾಪಾಡಲಿ.

ತಮ್ಮ ಪರಮ ವಿಧೇಯಳು (ನಗಬೇಡಿ),
ನಿಬಾಲ್

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ಬೇಸಿಗೆ ರಜೆಯಲ್ಲೂ ಅಲ್ಲೇ ಕಲಿಯಲು ನಿಮ್ಮ ಒಪ್ಪಿಗೆ ಬೇಕು. ಸಿತ್ ಖೌಲಾ ಫೋನ್ ಮಾಡಿದಾಗ "ಹತ್ತಲಿ" ಎನ್ನಿ, ಅಷ್ಟೇ ಸಾಕು. ಇನ್ನೊಂದು ಮಾತು. ಎಲ್ಲರೂ ಚಹಾಕ್ಕೆ ಹೋದಾಗ, ನಿಮಗೆ ಕಳಿಸೋಣವೆಂದು ಬುಡದ ಸಾಲಿನಿಂದ ಒಂದು ಸಾಬೂನು ಎಳೆದೆ. ಆ ಕಾಗದದಲ್ಲಿ ಹಾಗೆಂದು ಬರೆದಿದ್ದರೆ ನಿಮ್ಮಾಣೆ ಸಹಿ ಹಾಕುತ್ತಿದ್ದೆ. ಸಾಬೂನು ಈ ಪೊಟ್ಟಣದಲ್ಲೇ ಇದೆ. ಬೇಗ ಬೇಗ ಸ್ನಾನ ಮಾಡಿ ಮುಗಿಸಿಬಿಡಿ.