ಕಿಂಡಿಯ ಮೇಲಿನ ಕೊಂಬೆ

ಮಾರ್ಚ್ ೧೪, ಶುಕ್ರವಾರ

ತಗುಲಿದ ಖರ್ಚು: ಎರಡು ಕಬ್ಬಿಣದ ಪೈಪು, ಒಂದು ಗಾಜು, ವೆಲ್ಡರನ ಒಂದೂವರೆ ದಿನ, ಹೆಂಡತಿಯ ನಾಲ್ಕು ದಿನದ ಮೌನ.

ಸೋಮವಾರ ತಗ್ಗು ಕೊಂಬೆಯೊಂದು ನಾವು ಊರೂರು ಸುತ್ತುವ ಮನೆಗಾಡಿಯ, ಅಂದರೆ ಮನೆ ಮಾಡಿಕೊಂಡ ವ್ಯಾನಿನ, ಚಾವಣಿಗೆ ಬಡಿದು, ಹಾಸಿಗೆಯ ಮೇಲಿನ ಗಾಜಿನ ಕಿಂಡಿ ಒಡೆಯಿತು. "ತಗಡು ಹೊಡೆಸಿಬಿಡೋಣ, ಅಗ್ಗದಲ್ಲಿ ಮುಗಿಯುತ್ತೆ" ಎಂದೆ.

"ಆಕಾಶ ಮುಚ್ಕೊಂಡು ಸುತ್ತೋಕೆ ನಾನ್ಯಾಕೆ? ನೀವೂ ನಿಮ್ಮ ತಗಡೂ ಹೋಗ್ಬನ್ನಿ" ಎಂದವಳು ಮತ್ತೆ ಮಾತಾಡಲಿಲ್ಲ.

ಅದಕ್ಕೇ ಹೊಸ ಗಾಜು, ಜೊತೆಗೆ ಕೊಂಬೆಗಳನ್ನು ಮೇಲೆತ್ತಿ ಜಾರಿಸಲು ಮುಂದಿನಿಂದ ಓರೆಯಾಗಿ ಏರಿ ಚಾವಣಿಯುದ್ದಕ್ಕೂ ಹಾಯುವ ಜೋಡಿ ಪೈಪು. ಇಂದು ಅದೇ ಮರದಡಿ ಮೆಲ್ಲಗೆ ಗಾಡಿ ಬಿಟ್ಟೆ. ಕೊಂಬೆ ಪೈಪನ್ನೇರಿ, ಚಾವಣಿಯ ಸೋಲಾರ್ ಫಲಕವನ್ನೂ ಕಿಂಡಿಯನ್ನೂ ಮುಟ್ಟದೆ, ಬೆಕ್ಕಿನ ಬೆನ್ನು ಸವರಿದ ಕೈಯಂತೆ ಹಿಂದಕ್ಕೆ ಜಾರಿತು.

ಈಗ ಮಲಗಿದ್ದೇವೆ. ಗಾಜಿನ ಮೇಲೊಂದು ಎಲೆ ಉಳಿದಿದೆ. ಅದರಂಚಿನಲ್ಲಿ ನಕ್ಷತ್ರವೊಂದು ತೇಲುತ್ತಿದೆ. "ತೆಗೀಲಾ?" ಎಂದೆ.

"ಇರ್ಲಿ ಬಿಡಿ."

ವೆಲ್ಡರನಿಗೆ ಕೂಲಿ, ಮರಕ್ಕೆ ಅದರ ಕೊಂಬೆ, ಅವಳಿಗೆ ಆಕಾಶ. ನನಗೆ ಆ ಎರಡು ಮಾತು.