ನಡೆಯಲು ಒಂದು ನೆವ

ನವೆಂಬರ್ ೪, ಮಂಗಳವಾರ

ಇವತ್ತೂ ಅದೇ. ಟೇಲರ್ ಅಂಗಡಿ ಇರುವುದು ಎರಡು ಓಣಿ ಆಚೆ. ಬ್ಲೌಸ್ ತರಲು ಹೊರಟರೆ ಇವರು ಕಾರಿನ ಕೀಲಿ ಹಿಡಿದು ಬಂದೇಬಿಟ್ಟರು. ಸವದತ್ತಿ ಬಜಾರಿನಲ್ಲಿ ಕಾರು ತಿರುಗಿಸುವಷ್ಟರಲ್ಲಿ ನಡೆದು ಹೋಗಿ ಬಂದಿರುತ್ತಿದ್ದೆ.

ಬೇಡ ಅನ್ನುವ ಹಾಗಿಲ್ಲ. ನಿನ್ನೆ ಬೇಡ ಅಂದದ್ದಕ್ಕೇ ಇಷ್ಟು. ಕಾಯಿಪಲ್ಲೆ ಚೀಲ ಹಿಡಿದು ನಡೆದು ಬರುತ್ತಿದ್ದೆ. ಇವರ ಕಾಕಾ ರಾಯಪ್ಪ ಬೈಕ್ ನಿಲ್ಲಿಸಿದರು. ಗಾಡಿ ಕೆಟ್ಟಿದೆಯೇನು ಎಂದರು. ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಆ 'ಸುಮ್ಮನೆ' ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಪರಿಚಯದವರದೊಂದು ಕಾರು. ಒಂದು ಆಟೋ. ಮನೆ ಮುಟ್ಟುವುದರೊಳಗೆ ಅತ್ತೆಯವರಿಗೆ ಫೋನ್ — ಮನೆಯಲ್ಲಿ ಏನಾದರೂ ಜಗಳವಾಯಿತೇ ಎಂದು.

ಇವರು ಸಿಟ್ಟಾಗಲಿಲ್ಲ. ನೊಂದುಕೊಂಡರು. "ಮನಿ ಮುಂದ ಕಾರು ನಿಂತಿರತೈತಿ, ಹೆಂಡ್ತಿ ಚೀಲಾ ಹಿಡಕೊಂಡು ನಡಕೊಂತ ಬರತಾಳ. ಮಂದಿ ನನ್ನ ಏನ ತಿಳಕೋಬೇಕು, ಮಾಲಾ?"

ನವೆಂಬರ್ ೯, ಭಾನುವಾರ

ಬಾಲ್ಕನಿಯಿಂದ ನೋಡಿದೆ. ಹೈಸ್ಕೂಲು ಹುಡುಗಿಯರು ಟ್ಯೂಷನ್ನಿಗೆ ಸೈಕಲ್ ಮೇಲೆ. ಒಬ್ಬಳ ಜಡೆ ಬಿಚ್ಚಿಹೋಗಿತ್ತು, ಅವಳಿಗೆ ಪರಿವೆಯೇ ಇಲ್ಲ.

ಎಂಟನೇ ಇಯತ್ತೆಯಲ್ಲಿ ಸರಕಾರದ ಸೈಕಲ್ ಸಿಕ್ಕಿತ್ತು ನನಗೂ. ನಮ್ಮ ಹಳ್ಳಿಯಿಂದ ಮುರಗೋಡಕ್ಕೆ ದಿನಾ. ಹಳ್ಳದ ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಎರಡೂ ಕಾಲು ಚಾಚಿದರೆ ಗಾಳಿ ಕಿವಿಯಲ್ಲಿ ಗುಂಯ್... ಆ ಮೂರು ವರ್ಷ ಎಲ್ಲಿಗೆ ಹೋಗಲೂ ಯಾರನ್ನೂ ಕೇಳಲಿಲ್ಲ.

ಧೈರ್ಯ ಮಾಡಿ ಇವರನ್ನು ಕೇಳಿದೆ. ನನಗೊಂದು ಸೈಕಲ್ ಬೇಕು. ನಗಲಿಲ್ಲ. ಆಗಲಿ ಎಂದರು.

ನವೆಂಬರ್ ೧೨, ಸಂಜೆ

ಸೈಕಲ್ ಬಂತು. ಚಕ್ರವಿಲ್ಲದ್ದು. ವ್ಯಾಯಾಮದ್ದು. ಮಹಡಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟು, ಬೆವರು ಒರೆಸಿಕೊಂಡು, ಹೇಗಿದೆ ಎಂದು ಕೇಳಿದರು. ಛಲೋ ಐತ್ರಿ ಎಂದೆ. ಆ ಮುಖ ನೋಡಿ ಬೇರೆ ಏನು ಹೇಳಲಿ.

ತುಳಿದೆ. ಗೋಡೆ ಗೋಡೆಯಾಗಿಯೇ ಇತ್ತು.

ನವೆಂಬರ್ ೧೪, ಶುಕ್ರವಾರ

ಬೆಳಗ್ಗೆ ಮನೆ ಮುಂದೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಹೆಂಗಸರು. ಬರಿಗಾಲು, ತಲೆ ಮೇಲೆ ಬುತ್ತಿ. ಅತ್ತೆ ಓಡಿ ಬಂದು ಕೈ ಮುಗಿದರು. ಯಾರೂ ಬೈಕ್ ನಿಲ್ಲಿಸಲಿಲ್ಲ. ಯಾರೂ ಗಾಡಿ ಕೆಟ್ಟಿದೆಯೇ ಎಂದು ಕೇಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೇಳಿಯೇಬಿಟ್ಟೆ — ಮಂಗಳವಾರ ಮಂಗಳವಾರ ಗುಡ್ಡಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದೇನೆ. ಸುಳ್ಳು ಇಷ್ಟು ಸಲೀಸಾಗಿ ಬಂತು. ಇವರು ತಲೆ ಬಗ್ಗಿಸಿ ರೊಟ್ಟಿ ಮುರಿದರು. ಯಾಕೆಂದು ಅತ್ತೆ ಕೇಳಲಿಲ್ಲ. ನನ್ನನ್ನೇ ನೋಡಿದರು, ಬಹಳ ಹೊತ್ತು.

ನವೆಂಬರ್ ೧೮, ಮಂಗಳವಾರ

ನಡೆದೆ.

ಭಕ್ತರು ಮೀಯಲು ನಿಲ್ಲುವ ಜೋಗುಳಬಾವಿ ದಾಟಿದ ಮೇಲೆ ಒಬ್ಬಳೇ. ಡಾಂಬರು ಇನ್ನೂ ತಣ್ಣಗಿತ್ತು. ಕಡಲೆ ಹೊಲದ ಹುಳಿ ವಾಸನೆ — ಕಾರಿನ ಗಾಜಿನೊಳಗೆ ಇಷ್ಟು ವರ್ಷ ಎಲ್ಲಿತ್ತು ಇದು? ರಾಯಪ್ಪ ಕಾಕಾ ಎದುರು ಬಂದರು. ಬೈಕ್ ನಿಧಾನ ಮಾಡಿ ನಮಸ್ಕರಿಸಿದರು. ಹಿಮ್ಮಡಿ ಉರಿಯುತ್ತಿತ್ತು. ಉರಿಯಲಿ. ನನ್ನವೇ ಕಾಲು.

ತಾಯಿಯ ಮುಂದೆ ನಿಂತಾಗ ಬೇಡಲು ಏನೂ ತೋಚಲಿಲ್ಲ. ಬಂದದ್ದೇ ಬೇಡಿದ್ದಾಗಿತ್ತು. ಮರಳಿ ಕರೆದೊಯ್ಯಲು ಇವರು ಕಾರು ತಂದಿದ್ದರು.

ಡಿಸೆಂಬರ್ ೩, ಬುಧವಾರ

ಎರಡು ವಾರ ಬರೆಯಲಿಲ್ಲ. ಸುಖವಾಗಿದ್ದೆ, ಅದಕ್ಕೆ.

ನಿನ್ನೆ ಹೊರಡುವಾಗ ಎದುರುಮನೆಯ ರಾಚವ್ವ ಉಡಿಯಲ್ಲಿ ತೆಂಗಿನಕಾಯಿ ಹಾಕಿದರು. ಈ ಸಲ ಗಂಡು ಖಂಡಿತ ಎಂದರು. ಓಣಿಗೆಲ್ಲ ಗೊತ್ತಂತೆ ನನ್ನ ಹರಕೆ ಯಾತಕ್ಕೆಂದು. ಇಲ್ಲ ಎನ್ನಬೇಕಿತ್ತು. ಹೊತ್ತಾಗುತ್ತದೆಂದು, ಬಿಸಿಲೇರುವುದರೊಳಗೆ ಜೋಗುಳಬಾವಿ ದಾಟಬೇಕೆಂದು, ಸುಮ್ಮನೆ ನಡೆದೆ.

ಇವತ್ತು ಮಗಳು ಶಿವಾನಿಗೆ ತಲೆ ಬಾಚುತ್ತಿದ್ದೆ. ಒಂಬತ್ತು ವರ್ಷದವಳು. ಕನ್ನಡಿ ನೋಡುತ್ತಲೇ ಕೇಳಿದಳು: "ಅವ್ವಾ, ನಾ ಸಾಲಂಗಿಲ್ಲೇನ ನಿನಗ?"

ಬಾಚಣಿಕೆ ಕೆಳಗಿಟ್ಟೆ.

ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಹರಕೆ ಇಲ್ಲ, ತಮ್ಮನೂ ಬೇಕಿಲ್ಲ, ನನಗೆ ನಡೆಯಬೇಕು ಅನ್ನಿಸುತ್ತದೆ, ಅಷ್ಟೇ ಎಂದೆ. ನಂಬಿದಳೋ ಇಲ್ಲವೋ.

ಮಧ್ಯಾಹ್ನ ಇವರಿಗೂ ಅತ್ತೆಗೂ ಎಲ್ಲ ಹೇಳಿದೆ. "ದೇವರ ಹೆಸರಿನ್ಯಾಗ ಸುಳ್ಳ ಹೇಳಿದಿ" ಎಂದು ಇವರು ತಾಟು ಬಿಟ್ಟು ಎದ್ದರು.

ಅತ್ತೆ ಕದಲಲಿಲ್ಲ. ಇವರು ಹೊರಹೋದ ಮೇಲೆ ಮೆಲ್ಲಗೆ ಹೇಳಿದರು. "ನಾನೂ ನಡದೇನಿ, ಖರೇ ಹರಕಿ ಹೊತ್ತು. ಇಂವ ಹುಟ್ಟಿದ ಮ್ಯಾಲೆ ಅದು ಮುಗೀತು. ಆಮ್ಯಾಲೆ ನಡೀಲಿಕ್ಕೆ ನೆವಾ ಸಿಗಲಿಲ್ಲ ನನಗ." ತಮ್ಮ ಕಾಲನ್ನೇ ನೋಡುತ್ತ ಕುಳಿತರು. ಈಗ ಮಂಡಿ ಮಡಚಲು ಬರುವುದಿಲ್ಲ ಅವರಿಗೆ.

ಡಿಸೆಂಬರ್ ೮, ಸೋಮವಾರ

ಐದು ದಿನ ಇವರು ಮಾತಾಡಿಲ್ಲ. ನಿನ್ನೆ ಅತ್ತೆ ಮಂಗಳವಾರದ ಮಾತು ತೆಗೆದಾಗ ಗುಡ್ಡಕ್ಕೆ ಹೋಗುವುದಿಲ್ಲ ಎಂದೆ. ಗುಡ್ಡ ಕಣ್ಣಿಗೆ ಕಟ್ಟಿದಂತೆ ಇದೆ. ಆದರೆ ಹರಕೆಯ ನೆವದಿಂದ ಅಲ್ಲ. ಇನ್ನು ಹಾಗಲ್ಲ.

ಬೆಳಗ್ಗೆ ಶಾಲೆಯ ಹೊತ್ತು. ಕಾರು ಬಾಗಿಲಿಗೆ ಬಂದಿತ್ತು. ಚಪ್ಪಲಿ ಮೆಟ್ಟಿಕೊಂಡು ಶಿವಾನಿಯ ಕೈ ಹಿಡಿದು ನಡೆದೇ ಹೋಗುತ್ತೇವೆ ಎಂದೆ. ಇವರು ಸ್ಟೀರಿಂಗ್ ಹಿಡಿದೇ ಕೂತಿದ್ದರು. ಅತ್ತೆ ಕಟ್ಟೆಯ ಮೇಲಿಂದ ನೋಡುತ್ತಿದ್ದರು.

ಓಣಿ ತಿರುಗಿದ ಮೇಲೆ ಹಿಂದೆ ಕಾರಿನ ಸದ್ದು. ದಾಟಿ ಹೋಗಲಿಲ್ಲ. ನಮ್ಮ ಹೆಜ್ಜೆಗೆ ಸರಿಯಾಗಿ, ಫಸ್ಟ್ ಗೇರಿನಲ್ಲಿ. ಮನೆಯಲ್ಲಿ ಗಾಡಿ ಇದೆ ಎಂದು ಊರಿಗೆ ತೋರಿಸಲೋ, ನಮ್ಮನ್ನು ಕಾಯಲೋ. ಹಿಂದಿನವರು ಹಾರ್ನ್ ಹೊಡೆದರು. ಜನ ನಿಂತು ನೋಡಿದರು. ಶಿವಾನಿಗೆ ನಗು.

ಬಸ್ ಸ್ಟ್ಯಾಂಡಿನ ಹತ್ತಿರ ಸದ್ದು ನಿಂತಿತು. ತಿರುಗಲಿಲ್ಲ ನಾನು. ಒಳಗೇ ಕೂತಿದ್ದರೆ ಎಂಬ ಭಯ. ಹೆಜ್ಜೆ ಮಾತ್ರ ನಿಧಾನ ಮಾಡಿದೆ. ಒಂದು ಸಲ, ಒಂದೇ ಸಲ, ಬರಲಿ...

ಶಿವಾನಿ ಕೈ ಜಗ್ಗಿದಳು. "ಅವ್ವಾ, ಅಪ್ಪಾ ಇಳದಾರ."

ನಾನು ತಿರುಗಿದೆ. ಇವರು ಕಾರಿನ ಕೀಲಿ ಜೇಬಿಗಿಳಿಸಿ ನಮ್ಮ ಕಡೆ ನಡೆದು ಬರುತ್ತಿದ್ದರು.