ಭೂತಗನ್ನಡಿ

ಹಿಂದಿನ ಸೀಟಿನ ಎಡಮೂಲೆಯಲ್ಲಿರುವ ನನ್ನ ಪೀಪಿಗೆ,

ನಿನಗೆ ಕಾಗದ ಬರೆಯುವುದು ಹುಚ್ಚು ಅಂತ ನನಗೂ ಗೊತ್ತು. ನೀನು ಸತ್ತಾಗ ನಿನಗಿನ್ನೂ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇತ್ತೀಚೆಗೆ ನಮ್ಮ ಕಾರಿನಲ್ಲಿ ಕೂತರೆ ನಾನೊಬ್ಬಳೇ ಇದ್ದೇನೆ ಅಂತ ಅನ್ನಿಸುವುದಿಲ್ಲ.

ಕಾರು ಈಗ ನನ್ನದು ಕಣೋ. ಅಪ್ಪ ಹೋದರು. ಅಮ್ಮ ಬೀಗದ ಕೈಯನ್ನು ನನ್ನ ಕನ್ನಡಕದಂಗಡಿಯ ಮೇಜಿನ ಮೇಲಿಟ್ಟು, "ಮಾರ್ತೀಯೋ, ಇಟ್ಕೋತೀಯೋ ನಿನ್ನಿಷ್ಟ. ನನ್ನನ್ನ ಮಾತ್ರ ಅದರೊಳಗೆ ಕೂರು ಅನ್ಬೇಡ" ಅಂದಳು. ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದ ದಿನದ ನಂತರ ಅವಳು ಆ ಕಾರು ಹತ್ತಿಲ್ಲ.

ಹೆಸರು ನೆನಪಿದೆಯಾ ಅದರದ್ದು? ಆಸ್ಪರ್ಲಿ. ಇಂಗ್ಲೆಂಡಿನ ಒಂದು ಪುಟ್ಟ ಕಾರ್ಖಾನೆಯಲ್ಲಿ ಹುಟ್ಟಿ, ಕಾರ್ಖಾನೆಯೇ ಮುಚ್ಚಿಹೋದ ಮೇಲೂ ಹಟ ಹಿಡಿದು ಉಳಿದುಕೊಂಡ ಕಾರು. ನಮ್ಮ ಬೀದಿಯವರ ಬಾಯಿಗೆ ಸಿಕ್ಕಿ ಅದು 'ಆಸ್ಪತ್ರೆ ಕಾರು' ಆಯಿತು. ರಜಾ ಬಂತೆಂದರೆ ಅಪ್ಪ ಅದರ ಹೊಟ್ಟೆ ಬಿಚ್ಚಿಕೊಂಡು ಕೂರುತ್ತಿದ್ದುದರಿಂದ ಹೆಸರು ಚೆನ್ನಾಗಿಯೇ ಹೊಂದುತ್ತಿತ್ತು. ನಾವೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಆ ಹೆಸರು ಹೇಳಿ ಯಾರೂ ನಗಲಿಲ್ಲ.

ಅದರ ಹಾರನ್ ಕೆಲಸ ಮಾಡುತ್ತಿರಲಿಲ್ಲ. ಹಾರನ್ ನೀನೇ. ಎಡಮೂಲೆಯಲ್ಲಿ ಮಂಡಿಯೂರಿ, ಕಿಟಕಿಗೆ ಮೂತಿ ಹಚ್ಚಿ ಕಾಯುತ್ತಿದ್ದೆ. ತಿರುವು ಬಂದಾಗ ಅಪ್ಪ ನಡುವಿನ ಕನ್ನಡಿಯನ್ನು ನಿನ್ನ ಕಡೆ ತಿರುಗಿಸಿ ಹುಬ್ಬು ಹಾರಿಸುತ್ತಿದ್ದರು. ತಕ್ಷಣ ನೀನು "ಪೀಂ... ಪೀಂ..." ಅಂತ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ. ಪೀಪಿ ಅನ್ನುವ ಹೆಸರು ಬಂದದ್ದೂ ಅದರಿಂದಲೇ. ಮುಂದೆ ಕೂತ ನನಗೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು ಅನ್ನು, ನನಗೆ ಅಂಥ ಕೆಲಸ ಯಾರೂ ಕೊಟ್ಟಿರಲಿಲ್ಲವಲ್ಲ.

ಜ್ವರ ಏರಿದ ದಿನ ಅದೇ ಮೂಲೆಯಲ್ಲಿ ಅಮ್ಮನ ತೊಡೆಯ ಮೇಲೆ ನೀನು ಮಲಗಿದ್ದೆ. ದೊಡ್ಡ ರಸ್ತೆಯ ತಿರುವಿನಲ್ಲಿ ಅಪ್ಪ ಅಭ್ಯಾಸಬಲದಿಂದ ಕನ್ನಡಿ ತಿರುಗಿಸಿದರು. ಹಿಂದಿನಿಂದ ಸದ್ದು ಬರಲಿಲ್ಲ.

ನೀನು ಹೋದ ಮೇಲೆ ಮನೆಯಲ್ಲಿ ನಿನ್ನ ಹೆಸರೂ ಹೋಯಿತು. ಅಮ್ಮ ನಿನ್ನ ಬಟ್ಟೆಗಳನ್ನೆಲ್ಲ ಚಿಕ್ಕಮ್ಮನ ಮನೆಗೆ ಸಾಗಿಸಿದಳು. ಅಪ್ಪ ಒಂದು ಸಲವೂ ಅಳಲಿಲ್ಲ. ಕೆಲಸಕ್ಕೆ ಹೋದರು, ಬಂದರು, ಕಾರಿನಡಿಗೆ ತೂರಿಕೊಂಡರು. ಈ ಮನುಷ್ಯನಿಗೆ ಮಗನಿಗಿಂತ ಕಾರೇ ಹೆಚ್ಚು ಅಂತ ನಾನು ಸಿಟ್ಟು ಸಾಕಿಕೊಂಡೇ ಬೆಳೆದೆ. ಅವರಿಗೆ ನಿನ್ನ ನೆನಪು ಆಗುತ್ತಿತ್ತೋ ಇಲ್ಲವೋ, ಇದೊಂದು ನನಗೆ ತಿಳಿಯಬೇಕಿತ್ತು. ಬಾಯಿ ಬಿಟ್ಟು ಕೇಳುವ ಮೊದಲೇ ಅವರು ಕಣ್ಣು ಮುಚ್ಚಿದರು.

ನಾನು ಕಾರು ಓಡಿಸತೊಡಗಿದ ಮೇಲೆ ಕನ್ನಡಿಯ ಕಾಟ ಶುರುವಾಯಿತು. ನೆಟ್ಟಗೆ ರಸ್ತೆಗೆ ಹೊಂದಿಸಿ ಹೊರಡುತ್ತೇನೆ. ತಿರುವಿನಲ್ಲಿ ಅದು ಮೆಲ್ಲಗೆ ಹೊರಳಿ ನಿನ್ನ ಮೂಲೆಯನ್ನು ತೋರಿಸುತ್ತದೆ. ಸ್ಕ್ರೂ ಬಿಗಿ ಮಾಡಿದೆ, ಮತ್ತೆ ಹೊರಳಿತು. ಆ ಖಾಲಿ ಮೂಲೆ ನೋಡಲಾಗದೆ ಅಂಗಡಿಯ ಕನ್ನಡಕದ ಫ್ರೇಮುಗಳ ಚೀಲವನ್ನು ಅಲ್ಲಿಟ್ಟೆ. ಮುಂದಿನ ತಿರುವಿನಲ್ಲೇ ಚೀಲ ಯಾರೋ ತಳ್ಳಿದ ಹಾಗೆ ಕೆಳಗೆ ಬಿತ್ತು. "ಪೀಪಿ, ಸುಮ್ನಿರೋ!" ಅಂತ ಹಾಡಹಗಲೇ ಗದರಿಬಿಟ್ಟೆ. ಪಕ್ಕದ ಸ್ಕೂಟರಿನವನು ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು.

ಭಯಕ್ಕೆ ಕಾರಣ ಹುಡುಕಿಕೊಂಡರೆ ಧೈರ್ಯ ಬರುತ್ತದಲ್ಲವೇ? ಹುಡುಕಿದೆ. ಇಂಗ್ಲೆಂಡಿನಲ್ಲಿ ಒಬ್ಬರು ವಯಸ್ಸಾದವರಿದ್ದಾರೆ, ಉಳಿದಿರುವ ಆಸ್ಪರ್ಲಿಗಳ ಹುಟ್ಟು, ಊರು, ಒಡೆಯರು ಎಲ್ಲ ಅವರಿಗೆ ಬಾಯಿಪಾಠ. ನಾನವರನ್ನು ಜಾತಕದಜ್ಜ ಅನ್ನುತ್ತೇನೆ. ಚಾಸಿಸ್ಸಿನ ಮೇಲಿನ ನಂಬರು ಕೇಳಿದರು, ಬಾಗಿಲ ಕೀಲುಗಳ ಫೋಟೋ ಕೇಳಿದರು. ಬೇಸರದಿಂದ ಶುರು ಮಾಡಿದವಳು ನಾನು, ಕೊನೆಗೆ ಅಪ್ಪನ ಹಾಗೆಯೇ ಕಾರಿನಡಿ ಟಾರ್ಚು ಹಿಡಿದು ಮಲಗುವಂತಾದೆ. ಕನ್ನಡಿಯ ವಿಷಯಕ್ಕೆ ಅಜ್ಜ ಹೀಗೆ ಬರೆದರು: "ಎಲ್ಲ ಆಸ್ಪರ್ಲಿಗಳ ಕನ್ನಡಿಯೂ ಸಡಿಲವಾಗಿ ಕೆಳಗೆ ಜೋತುಬೀಳುತ್ತದೆ. ಹಿಂದಿನ ಮೂಲೆಗೆ ತಿರುಗಿದ್ದು ನಾನು ಕೇಳಿಯೇ ಇಲ್ಲ. ಯಾರೋ ತಿರುಗಿಸುತ್ತಿರಬೇಕು."

ಓದಿ ಮೈಯೆಲ್ಲ ಮುಳ್ಳೆದ್ದಿತು. ಅವತ್ತಿನಿಂದ ಕಾರು ಹತ್ತಲಿಲ್ಲ. ಅಜ್ಜ ಗುಜರಿಗೆ ಹೋದ ಇನ್ನೊಂದು ಆಸ್ಪರ್ಲಿಯ ಕನ್ನಡಿಯನ್ನು ಪಾರ್ಸೆಲ್ ಮಾಡಿದರು. ಅದನ್ನು ಹಾಕಲು, ಹಾಗೆಯೇ ಹಾರನ್ ನೋಡಲು, ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬಾನೆಟ್ ಒಳಗಿಂದಲೇ ಕೂಗಿದ: "ಹಾರನ್‌ಗೆ ಏನೂ ಆಗಿಲ್ಲ ಮೇಡಂ! ಯಾರೋ ಬೇಕಂತಲೇ ವೈರ್ ಬಿಚ್ಚಿ, ನೀಟಾಗಿ ಟೇಪ್ ಸುತ್ತಿಟ್ಟಿದ್ದಾರೆ. ಜೋಡಿಸಿಬಿಡ್ಲಾ?"

ಬೇಡ ಅಂದೆ. ನಿನಗೊಂದು ಕೆಲಸ ಇರಲಿ ಅಂತ ಅಪ್ಪ ಹಾರನ್ನಿನ ಬಾಯಿ ಕಟ್ಟಿದ್ದರು ಕಣೋ. ನೀನು ಹೋದ ಮೇಲೂ ಅದನ್ನು ಬಿಚ್ಚಿರಲಿಲ್ಲ.

ಕಳಚಿದ ಹಳೇ ಕನ್ನಡಿಯನ್ನು ಅಂಗಡಿಗೆ ತಂದೆ. ಅದರ ಹಿಂಬದಿಗೆ ಒಂದು ಹಿತ್ತಾಳೆಯ ಗುಂಡು ಇದೆ, ಅದು ಕನ್ನಡಿ ಹಿಡಿದ ಕಾಲಿನ ಬಟ್ಟಲಿನಂಥ ಗುಳಿಯಲ್ಲಿ ಕೂತು ಹೊರಳುತ್ತದೆ, ಕನ್ನಡಿ ತಿರುಗುವುದು ಅದರಿಂದಲೇ. ಭೂತಗನ್ನಡಿ ಹಿಡಿದು ನೋಡಿದೆ. ಆ ವಸ್ತುವಿಗೆ ಆ ಹೆಸರು ಯಾಕಿದೆ ಅಂತ ಇಷ್ಟು ವರ್ಷ ಅಂಗಡಿ ನಡೆಸಿದರೂ ಯೋಚಿಸಿರಲಿಲ್ಲ. ಗುಂಡಿನ ಮೇಲೆ ಒಂದೇ ಒಂದು ಹಾದಿ ಸವೆದಿತ್ತು. ರಸ್ತೆ ಕಾಣುವ ಜಾಗದಿಂದ ನಿನ್ನ ಮೂಲೆ ಕಾಣುವ ಜಾಗದವರೆಗೆ, ಆಳವಾಗಿ, ನುಣ್ಣಗೆ. ಕಾರು ವಾಲಿದಾಗಲೆಲ್ಲ ಗುಂಡು ಆ ಹಾದಿಯಲ್ಲೇ ಜಾರುತ್ತಿತ್ತು. ನೀನು ಆ ಸೀಟಿನಲ್ಲಿ ಕೂತ ಚಿಕ್ಕ ಕಾಲಕ್ಕೆ ಹಿತ್ತಾಳೆ ಅಷ್ಟು ಸವೆಯುವುದಿಲ್ಲ, ಪೀಪಿ. ಅಪ್ಪ ಬದುಕಿದ್ದಷ್ಟು ಕಾಲವೂ ಪ್ರತಿ ತಿರುವಿನಲ್ಲಿ ನಿನ್ನ ಕಡೆ ನೋಡಿದ್ದಾರೆ.

ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಹಿಂದಿನ ಗಾಡಿ ನೋಡುತ್ತಾರೆ ಅಂದುಕೊಂಡಿದ್ದೆ. ತಿರುವಿನಲ್ಲಿ ಕಾರು ನಿಧಾನವಾದಾಗ "ರಸ್ತೆ ಖಾಲಿ ಇದೆಯಲ್ಲಪ್ಪಾ, ಹೋಗಿ" ಅಂದರೆ, "ಇರಮ್ಮಾ, ಒಂದ್ನಿಮಿಷ" ಅನ್ನುತ್ತಿದ್ದರು. ಅಂಗಡಿಯ ಬಾಗಿಲು ಎಳೆದುಕೊಂಡು ಜೋರಾಗಿ ಅತ್ತೆ, ಅವರಿಗಾಗಿ ಮೊದಲ ಸಲ.

ಗುಂಡನ್ನೂ ಭೂತಗನ್ನಡಿಯನ್ನೂ ಅಮ್ಮನ ಕೈಗಿಟ್ಟು, ಕಂಡದ್ದನ್ನು ಹೇಳಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದ್ದು ಒಂದೇ: "ಹಾರನ್ ಸರಿ ಮಾಡಿಸಿಬಿಟ್ಟೆಯಾ?" ಇಲ್ಲ ಅಂದೆ. "ಹಾಗಾದ್ರೆ ನಡಿ" ಅಂತ ಚಪ್ಪಲಿ ಮೆಟ್ಟಿದಳು.

ಹಿಂದಿನ ಗಾಡಿಗಳಿಗೆ ಹೊರಗೊಂದು ಕನ್ನಡಿ ಹಾಕಿಸಿಕೊಂಡಿದ್ದೇನೆ. ಒಳಗಿರುವುದು ಹಳೆಯದೇ. ಅಜ್ಜ ಕಳಿಸಿದ್ದನ್ನು ವಾಪಸ್ ಕಳಿಸಿ, "ನೀವು ಹೇಳಿದ್ದು ಸರಿ, ಯಾರೋ ತಿರುಗಿಸುತ್ತಿದ್ದರು" ಅಂತ ಬರೆದೆ. ಅಮ್ಮ ಚಪ್ಪಲಿ ಮೆಟ್ಟಿದ ಅವತ್ತೇ ಹಳೇ ಕನ್ನಡಿಯನ್ನು ಮತ್ತೆ ಸಿಕ್ಕಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ದೊಡ್ಡ ರಸ್ತೆಯ ತಿರುವು ಬಂತು. ಕನ್ನಡಿ ಮೆಲ್ಲಗೆ ಹೊರಳಿತು. ಅಮ್ಮ ಅದನ್ನೇ ದಿಟ್ಟಿಸಿದಳು. ಹಲ್ಲಿಲ್ಲದ ಬಾಯಿ ತೆರೆದು, ಬೀದಿಗೆಲ್ಲ ಕೇಳುವ ಹಾಗೆ "ಪೀಂ... ಪೀಂ..." ಅಂದಳು. ರಸ್ತೆ ದಾಟುತ್ತಿದ್ದವನೊಬ್ಬ ಬೆಚ್ಚಿ ದಾರಿ ಬಿಟ್ಟ.

ಅಲ್ಲೇ ಕೂತಿರು, ನನ್ನ ಕಂದ. ಇನ್ನು ಚೀಲ ಇಡುವುದಿಲ್ಲ. ಜ್ವರವಿಲ್ಲದೆ, ನೋವಿಲ್ಲದೆ, ಅಪ್ಪನ ಜೊತೆ ತಣ್ಣಗಿರು.

ತಿರುವಿನಲ್ಲೆಲ್ಲ ನಿನ್ನ ಕಡೆ ನೋಡುವ,
ನಿನ್ನ ಅಕ್ಕ